ಗಗನ ಪಾಸು, ಗೀತಾ ನಪಾಸು: ವೆಬ್ ಅಪ್ಲಿಕೇಶನ್‌ಗೆ ಟೆಸ್ಟ್ ಬರೆಯುವ ಬಗೆ

ಜಾಂಗೊದಲ್ಲಿ ಒಂದು ಜಾಲತಾಣ ಕಟ್ಟಿ. ಅದರ ಜೊತೆಗೇ ಬರುವ ಯೂಸರ್ ಖಾತೆಯ ವ್ಯವಸ್ಥೆಯನ್ನು ಇದ್ದ ಹಾಗೇ ಇಟ್ಟುಕೊಳ್ಳಿ. ಈಗ ಯೂಸರ್‌ನೇಮ್ ಜಾಗದಲ್ಲಿ ಕನ್ನಡದಲ್ಲೇ ‘ಗಗನ’ ಎಂದು ಬರೆದು ನೋಡಿ, ಖಾತೆ ತೆರೆಯುತ್ತದೆ. ‘ಗೀತಾ’ ಎಂದು ಬರೆಯಿರಿ, ಹೆಸರು ಸರಿಯಿಲ್ಲವೆಂದು ವಾಪಸು ಕಳಿಸುತ್ತದೆ.

ಗೀತಾ ಮಾಡಿದ ತಪ್ಪೇನೂ ಇಲ್ಲ. ಯೂಸರ್‌ನೇಮಿನಲ್ಲಿ ಏನೇನಿರಬಹುದು ಎಂದು ನೋಡುವ ರೆಜೆಕ್ಸ್ ಪೈಥಾನಿನ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ವನ್ನು ನಂಬಿಕೊಂಡಿದೆ. ಅದರ ಲೆಕ್ಕದಲ್ಲಿ ಗ, ತ, ನ ಅಕ್ಷರಗಳು. ಆದರೆ ಗುಡಿಸು, ಕೊಂಬು, ಏತ್ವ, ಇಳಿ, ಒತ್ತಕ್ಷರಕ್ಕೆ ಬೇಕಾದ ವಿರಾಮ ಇವು ಯಾವುವೂ ಅಕ್ಷರಗಳಲ್ಲ; ಯುನಿಕೋಡ್ ಇವನ್ನು ‘ಗುರುತು’ಗಳ ವರ್ಗಕ್ಕೆ ಸೇರಿಸಿದೆ. ಹಾಗಾಗಿ ಕಮಲ, ಶರಣ, ಗಗನ ಒಳಗೆ. ಗೀತಾ, ಲಕ್ಷ್ಮಿ, ಬಸವಣ್ಣ ಹೊರಗೆ.

ಇಂಥದ್ದು ಎಷ್ಟೋ ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಟೆಸ್ಟ್‌ಗಳಿಲ್ಲ ಎಂದಲ್ಲ. ಟೆಸ್ಟ್‌ಗಳಲ್ಲಿರುವ ಹೆಸರು ಜಾನ್, ವಿಳಾಸ ಯಾವುದೋ ಅಮೆರಿಕದ ಬೀದಿ, ಪಾಸ್‌ವರ್ಡ್ ‘ಟೆಸ್ಟ್123’. ಪಾಠಪುಸ್ತಕದಿಂದ ಎತ್ತಿದ ಮಾಹಿತಿಯಲ್ಲಿ ಟೆಸ್ಟ್ ಬರೆದರೆ ಪಾಠಪುಸ್ತಕದ ಗ್ರಾಹಕರಿಗೆ ಜಾಲತಾಣ ಸರಿಯಾಗಿ ಓಡುತ್ತದೆ. ಫ್ರೇಮ್‌ವರ್ಕ್ ಕಲಿಯುವುದು ಎರಡು ದಿನದ ಕೆಲಸ. ಯಾರ ಹೆಸರಿನಲ್ಲಿ, ಯಾರ ವಿಳಾಸದಲ್ಲಿ, ಯಾವ ಹೊತ್ತಿನಲ್ಲಿ ಪರೀಕ್ಷಿಸಬೇಕು ಎಂದು ಯೋಚಿಸುವುದರಲ್ಲೇ ಹೆಚ್ಚಿನ ಕೆಲಸವಿದೆ. ಈ ಲೇಖನದ ಬಹುಪಾಲು ಅದರ ಬಗ್ಗೆಯೇ.

ಉದಾಹರಣೆಗೆ ಕನ್ನಡ ಪುಸ್ತಕ ಮಾರುವ ಸಣ್ಣ ಜಾಲತಾಣವೊಂದನ್ನು ಇಟ್ಟುಕೊಳ್ಳೋಣ. ಓದುಗ ಪುಸ್ತಕ ಹುಡುಕುತ್ತಾನೆ, ಬುಟ್ಟಿಗೆ ಹಾಕುತ್ತಾನೆ, ವಿಳಾಸ ತುಂಬುತ್ತಾನೆ, ಹಣ ಕಟ್ಟುತ್ತಾನೆ. ಜಾಲತಾಣ ಜಾಂಗೊದ್ದು, ಟೆಸ್ಟ್ ಓಡಿಸಲು ಪೈಟೆಸ್ಟ್, ಬ್ರೌಸರ್ ನಡೆಸಲು ಪ್ಲೇರೈಟ್. ನಿಮ್ಮದು ಲಾರವೆಲ್ ಅಥವಾ ಎಕ್ಸ್‌ಪ್ರೆಸ್ ಆಗಿದ್ದರೆ ಆಜ್ಞೆಗಳು ಬೇರೆಯಾಗುತ್ತವೆ, ತೊಡಕುಗಳು ಹೆಚ್ಚುಕಡಿಮೆ ಇವೇ.

ಮೊದಲ ಟೆಸ್ಟ್, ಬ್ರೌಸರ್ ಇಲ್ಲದೆ

ಆಟೊಮೇಟೆಡ್ ಟೆಸ್ಟ್ ಎಂದ ಕೂಡಲೇ ಬ್ರೌಸರ್ ತಾನಾಗಿ ತೆರೆದುಕೊಂಡು, ಕಾಣದ ಕೈಯೊಂದು ಗುಂಡಿ ಒತ್ತುತ್ತಾ ಹೋಗುವುದು ಹಲವರಿಗೆ ನೆನಪಾಗುತ್ತದೆ. ನೋಡಲು ಸೊಗಸು, ಆದರೆ ನಿಧಾನ. ಮೈಕ್ ಕೋನ್ 2009ರಲ್ಲಿ ತಮ್ಮ ಪುಸ್ತಕದಲ್ಲಿ ವಿವರಿಸಿದ ‘ಟೆಸ್ಟ್ ಪಿರಮಿಡ್’ ಇವತ್ತಿಗೂ ಒಳ್ಳೆಯ ಅಳತೆ: ಬುಡದಲ್ಲಿ ಚಿಕ್ಕ, ಚುರುಕಾದ ಟೆಸ್ಟ್‌ಗಳು ರಾಶಿರಾಶಿ, ತುದಿಯಲ್ಲಿ ಬ್ರೌಸರ್ ಟೆಸ್ಟ್‌ಗಳು ಬೆರಳೆಣಿಕೆಯಷ್ಟು. ನಮ್ಮ ಅಂಗಡಿಗೆ ಬ್ರೌಸರ್ ಟೆಸ್ಟ್ ಹತ್ತು ದಾಟಿದರೆ ನಾನು ಅನುಮಾನದಿಂದ ನೋಡುತ್ತೇನೆ.

ಪೈಟೆಸ್ಟ್‌ನಲ್ಲಿ ಆರಂಭಿಸಲು ಹೆಚ್ಚಿನ ಸಿದ್ಧತೆ ಬೇಡ. ಪಿಪ್‌ನಿಂದ ‘ಪೈಟೆಸ್ಟ್-ಜಾಂಗೊ’ ಹಾಕಿಕೊಂಡು ಸೆಟ್ಟಿಂಗ್ಸ್ ಫೈಲ್ ಎಲ್ಲಿದೆ ಎಂದು ತಿಳಿಸಬೇಕು. ಫೈಲಿನ ಹೆಸರೂ ಅದರೊಳಗಿನ ಫಂಕ್ಷನ್ನಿನ ಹೆಸರೂ ‘ಟೆಸ್ಟ್’ ಮತ್ತು ಅಂಡರ್‌ಸ್ಕೋರ್‌ನಿಂದ ಶುರುವಾದರೆ ಅದು ತಾನೇ ಹುಡುಕಿ ಓಡಿಸುತ್ತದೆ. ಡೇಟಾಬೇಸ್ ಮುಟ್ಟುವ ಟೆಸ್ಟ್‌ಗೆ ‘ಜಾಂಗೊ ಡಿಬಿ’ ಗುರುತು ಹಚ್ಚಬೇಕು. ಆಗ ನಿಮ್ಮ ನಿಜವಾದ ಡೇಟಾಬೇಸಿನ ತಂಟೆಗೆ ಹೋಗದೆ ಬೇರೊಂದನ್ನು ಸೃಷ್ಟಿಸಿಕೊಂಡು, ಪ್ರತಿ ಟೆಸ್ಟ್ ಮುಗಿದ ಮೇಲೆ ಅದು ಮಾಡಿದ ಬದಲಾವಣೆಯನ್ನು ಅಳಿಸಿಹಾಕುತ್ತದೆ. ಒಂದು ಟೆಸ್ಟ್‌ನ ಆರ್ಡರ್ ಇನ್ನೊಂದರ ಲೆಕ್ಕಕ್ಕೆ ಬಂದು ಸೇರುವುದಿಲ್ಲ.

ಮೊದಲ ಟೆಸ್ಟ್ ಯಾವುದಿರಲಿ? ಮುಖಪುಟ ತೆರೆಯುತ್ತದೆಯೇ ಎಂದಲ್ಲ. ಅದು ತೆರೆಯದಿದ್ದರೆ ಹತ್ತು ನಿಮಿಷದಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. ಯಾರೂ ಹೇಳದೆ ಕೆಟ್ಟುಹೋಗಬಲ್ಲ, ಕೆಟ್ಟರೆ ದುಡ್ಡು ಹೋಗುವ ಜಾಗದಿಂದ ಶುರು ಮಾಡಿ. ನಮ್ಮ ಅಂಗಡಿಯಲ್ಲಿ ಅದು ಆರ್ಡರ್ ಫಾರ್ಮ್. ಮೂರು ಹೆಜ್ಜೆ ಸಾಕು: ಒಂದು ಪುಸ್ತಕವನ್ನು ಡೇಟಾಬೇಸಿಗೆ ಸೇರಿಸಿ, ಜಾಂಗೊದ ಟೆಸ್ಟ್ ಕ್ಲೈಂಟ್ ಮೂಲಕ ಹೆಸರು-ವಿಳಾಸ ತುಂಬಿದ ಫಾರ್ಮನ್ನು ಪೋಸ್ಟ್ ಮಾಡಿ, ಏನಾಯಿತೆಂದು ‘ಅಸರ್ಟ್’ ಹಾಕಿ ನೋಡಿ.

ಆ ಮೂರನೆಯ ಹೆಜ್ಜೆಯಲ್ಲಿ ಒಂದು ಗುಂಡಿಯಿದೆ, ಹೊಸಬರು ತಪ್ಪದೆ ಬೀಳುತ್ತಾರೆ. ಸರ್ವರ್ 200 ಎಂದು ಉತ್ತರಿಸಿದರೆ ಎಲ್ಲ ಸರಿ ಎಂದುಕೊಳ್ಳುತ್ತೇವೆ. ಆದರೆ ಜಾಂಗೊದಲ್ಲಿ ಫಾರ್ಮ್ ಸರಿಯಾಗಿದ್ದರೆ ಸಾಮಾನ್ಯವಾಗಿ ಇನ್ನೊಂದು ಪುಟಕ್ಕೆ ದಾಟಿಸುತ್ತಾರೆ, ಅದರ ಕೋಡ್ 302. ಫಾರ್ಮ್ ತಪ್ಪಾಗಿದ್ದರೆ ಕೆಂಪಕ್ಷರದ ಸಂದೇಶದೊಂದಿಗೆ ಅದೇ ಪುಟ ಮತ್ತೆ ಬರುತ್ತದೆ, ಅದರ ಕೋಡ್ 200. ಅಂದರೆ 200 ಬಂತೇ ಎಂದು ನೋಡುವ ಟೆಸ್ಟ್, ಆರ್ಡರ್ ತಿರಸ್ಕೃತವಾದಾಗಲೇ ಪಾಸಾಗುತ್ತದೆ! ಉತ್ತರದ ಕೋಡಿಗಿಂತ ಅದರ ಫಲವನ್ನು ನೋಡಿ: ಡೇಟಾಬೇಸಿನಲ್ಲಿ ಒಂದು ಆರ್ಡರ್ ಹುಟ್ಟಿದೆಯೇ, ಅದರಲ್ಲಿರುವ ಹೆಸರು ನಾವು ಕೊಟ್ಟ ಹೆಸರೇ, ಪುಸ್ತಕದ ದಾಸ್ತಾನು ಒಂದು ಕಡಿಮೆಯಾಗಿದೆಯೇ.

ಟೆಸ್ಟ್ ಪಾಸಾದ ಮೇಲೆ ಇನ್ನೊಂದು ಕೆಲಸವಿದೆ. ದಾಸ್ತಾನು ಕಳೆಯುವ ಸಾಲನ್ನು ಬೇಕೆಂದೇ ಕೆಡಿಸಿ, ಟೆಸ್ಟ್ ಮತ್ತೆ ಓಡಿಸಿ. ಕೆಂಪಾಗಲೇಬೇಕು. ಆಗದಿದ್ದರೆ ನೀವು ಬರೆದದ್ದು ಏನನ್ನೂ ಪರೀಕ್ಷಿಸುತ್ತಿಲ್ಲ.

ಹೆಸರುಗಳ ಪಟ್ಟಿ

ಈಗ ಗೀತಾಳ ವಿಷಯಕ್ಕೆ ಬರೋಣ. ಪೈಟೆಸ್ಟ್‌ನಲ್ಲಿ ‘ಪ್ಯಾರಾಮೆಟ್ರೈಜ್’ ಎಂಬ ಸೌಲಭ್ಯವಿದೆ. ಒಂದೇ ಟೆಸ್ಟ್ ಬರೆದು, ಮೇಲೆ ಒಂದು ಪಟ್ಟಿ ಕೊಟ್ಟರೆ ಪಟ್ಟಿಯ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಓಡಿಸಿ, ಯಾವುದು ಸೋತಿತೆಂದು ಹೆಸರು ಹಿಡಿದು ಹೇಳುತ್ತದೆ. ಆ ಪಟ್ಟಿಯಲ್ಲಿ ಏನಿರಬೇಕು ಎನ್ನುವುದು ಮುಖ್ಯ.

ಕೃಷ್ಣಮೂರ್ತಿ ಇರಲಿ. ಕಿವಿಗೆ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಅದು 11 ಕೋಡ್‌ಪಾಯಿಂಟ್, ಯುಟಿಎಫ್-8ರಲ್ಲಿ 33 ಬೈಟ್. ಹೆಸರಿಗೆ ಹತ್ತು ಅಕ್ಷರದ ಮಿತಿ ಇಟ್ಟವರು ‘ಹತ್ತು ಸಾಕಲ್ಲ’ ಎಂದುಕೊಂಡಿರುತ್ತಾರೆ. ಫಾರ್ಮ್ ಕೃಷ್ಣಮೂರ್ತಿಯವರನ್ನು ಒಳಗೆ ಬಿಡುವುದಿಲ್ಲ. ಉದ್ದದ ಶೀರ್ಷಿಕೆಯನ್ನು ಇಷ್ಟಕ್ಕೇ ಕತ್ತರಿಸಿ ಮೂರು ಚುಕ್ಕಿ ಇಡುವ ಕೋಡ್ ಇದ್ದರೆ ಇನ್ನೂ ವಿಚಿತ್ರ: ಕತ್ತರಿ ಒತ್ತಕ್ಷರದ ನಡುವೆ ಬಿದ್ದು, ಕೃಷ್ಣ ಹೋಗಿ ‘ಕೃಷ್’ ಉಳಿಯುತ್ತಾನೆ.

ರಾಜ್‌ಕುಮಾರ್ ಇರಲಿ. ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ, ಝೀರೊ ವಿಡ್ತ್ ನಾನ್ ಜಾಯ್ನರ್. ‘ಅನಗತ್ಯ ಚಿಹ್ನೆ’ಗಳನ್ನು ತೆಗೆಯುವ ಕೋಡ್ ಅದನ್ನೂ ಒರೆಸಿದರೆ ಅಂಚೆ ಚೀಟಿಯ ಮೇಲೆ ‘ರಾಜ್ಕುಮಾರ್’ ಎಂದು ಅಚ್ಚಾಗುತ್ತದೆ. ಇದಕ್ಕೆ ಎರಡು ಟೆಸ್ಟ್ ಬೇಕು. ಹೆಸರು ಉಳಿಸುವಾಗ ಆ ಚಿಹ್ನೆ ಹೋಗಬಾರದು. ಪುಸ್ತಕ ಹುಡುಕುವಾಗ ಅದು ಇದ್ದರೂ ಇಲ್ಲದಿದ್ದರೂ ಪುಸ್ತಕ ಸಿಗಬೇಕು. ಓದುಗರಲ್ಲಿ ಎಷ್ಟೋ ಮಂದಿಗೆ ಆ ಚಿಹ್ನೆ ಕೀಲಿಮಣೆಯಲ್ಲಿ ಎಲ್ಲಿದೆ ಎಂದೇ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಕೋಲಾರ ಇರಲಿ, ಎರಡು ಸಲ. ‘ಕೋ’ದಲ್ಲಿರುವ ಓತ್ವವನ್ನು ಯುನಿಕೋಡಿನಲ್ಲಿ ಒಂದೇ ಕೋಡ್‌ಪಾಯಿಂಟಾಗಿ ಬರೆಯಬಹುದು, ಇಲ್ಲವೇ ಏತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿ ನೋಡುವ ಕೋಡಿಗೆ ಬೇರೆಬೇರೆ ಊರು. ಉಳಿಸುವ ಮುನ್ನ, ಹುಡುಕುವ ಮುನ್ನ ಎನ್‌ಎಫ್‌ಸಿ ಎಂಬ ರೂಪಕ್ಕೆ ಏಕರೂಪಗೊಳಿಸಿದರೆ ತೊಂದರೆ ತಪ್ಪುತ್ತದೆ. ಪೈಥಾನಿನ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನಲ್ಲಿ ಅದು ಒಂದೇ ಸಾಲು. ಆ ಸಾಲನ್ನು ಮುಂದೆ ಯಾರೋ ‘ಇದೇಕೆ ಇಲ್ಲಿ?’ ಎಂದು ಅಳಿಸಿದ ದಿನ ಕೂಗಿ ಹೇಳುವುದು ಟೆಸ್ಟ್‌ನ ಕೆಲಸ.

ಒಂದೇ ಪದದ ಹೆಸರೂ ಇರಲಿ: ಬರೀ ‘ಶಿವಮ್ಮ’. ಕೊನೆಯ ಹೆಸರು ಕಡ್ಡಾಯ ಎನ್ನುವ ಫಾರ್ಮಿಗೆ ಸೋತು ನಮ್ಮ ಜನ ಊರಿನ ಹೆಸರನ್ನೋ ಒಂದು ಚುಕ್ಕಿಯನ್ನೋ ತುಂಬುತ್ತಾರೆ. ಇನಿಷಿಯಲ್ ಮುಂದಿರುವ, ಚುಕ್ಕಿ ಮತ್ತು ಖಾಲಿ ಜಾಗವಿರುವ ‘ಕೆ. ಎಸ್. ಜ್ಯೋತ್ಸ್ನಾ’ ಕೂಡ ಇರಲಿ.

ಪುಸ್ತಕದ ಪುಟದ ವಿಳಾಸವನ್ನೂ ಮರೆಯಬಾರದು. ಶೀರ್ಷಿಕೆಯಿಂದ ಯುಆರ್‌ಎಲ್ ತಯಾರಿಸಲು ಜಾಂಗೊದಲ್ಲಿ ‘ಸ್ಲಗಿಫೈ’ ಇದೆ. ಕನ್ನಡದ ಶೀರ್ಷಿಕೆ ಕೊಟ್ಟರೆ ಅದು ಖಾಲಿ ಕೈಯಲ್ಲಿ ಬರುತ್ತದೆ, ಏಕೆಂದರೆ ಇಂಗ್ಲಿಷ್ ಲಿಪಿಯ ಹೊರಗಿನದನ್ನೆಲ್ಲ ಅದು ಬಿಸಾಡುತ್ತದೆ. ಯುನಿಕೋಡಿಗೆ ಅನುಮತಿ ಕೊಡುವ ಆಯ್ಕೆ ಹಚ್ಚಿದರೆ ಸರಿಹೋಯಿತು ಎನ್ನಿಸುತ್ತದೆ, ಆದರೆ ಅಲ್ಲಿಯೂ ಹಳೆಯ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ವೇ ಕುಳಿತಿದೆ. ‘ಮೂಕಜ್ಜಿಯ ಕನಸುಗಳು’ ಹೋಗಿ ‘ಮಕಜಜಯ-ಕನಸಗಳ’ ಆಗುತ್ತದೆ. ಕಲೆ, ಕಾಲ, ಕೀಲಿ, ಕೋಲು ಎಂಬ ನಾಲ್ಕು ಪುಸ್ತಕಗಳಿದ್ದರೆ ನಾಲ್ಕಕ್ಕೂ ‘ಕಲ’ ಎಂಬ ಒಂದೇ ವಿಳಾಸ. ಬೇರೆಬೇರೆ ಶೀರ್ಷಿಕೆಗೆ ಬೇರೆಬೇರೆ ವಿಳಾಸ ಬರಬೇಕು, ಖಾಲಿ ಬರಬಾರದು ಎಂಬ ಎರಡು ಸಾಲಿನ ಟೆಸ್ಟ್ ಇದನ್ನು ಮೊದಲ ದಿನವೇ ಹಿಡಿಯುತ್ತದೆ. ಪರಿಹಾರ ನಿಮಗೆ ಬಿಟ್ಟದ್ದು. ವಿಳಾಸದಲ್ಲಿ ಪುಸ್ತಕದ ಸಂಖ್ಯೆಯನ್ನು ಸೇರಿಸುವುದು ಎಲ್ಲಕ್ಕಿಂತ ಸುಲಭ.

ಅಂಕಿಗಳಲ್ಲಿ ಇನ್ನೊಂದು ತಮಾಷೆ. ಪಿನ್‌ಕೋಡ್ ಜಾಗದಲ್ಲಿ ಯಾರೋ ೫೬೦೦೦೧ ಎಂದು ಬರೆಯುತ್ತಾರೆ. ಪೈಥಾನಿನ ರೆಜೆಕ್ಸ್ ಅಂಕಿ ಎಂದರೆ ಕನ್ನಡದ ಅಂಕಿಯನ್ನೂ ಒಪ್ಪುತ್ತದೆ. ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ, ಅದಕ್ಕೆ ಅಂಕಿ ಎಂದರೆ 0ರಿಂದ 9 ಮಾತ್ರ. ಹೀಗಾಗಿ ಜಾಲತಾಣದ ಪುಟ ತಡೆಯುವುದನ್ನು ಮೊಬೈಲ್ ಆ್ಯಪ್ ಬಳಸುವ ಎಪಿಐ ಸಲೀಸಾಗಿ ಒಳಗೆ ಬಿಡುತ್ತದೆ, ಕೊರಿಯರ್‌ನವರ ಸಾಫ್ಟ್‌ವೇರ್ ಹೊರಗೆ ಹಾಕುತ್ತದೆ. ನನ್ನ ಕೇಳಿದರೆ ತಡೆಯುವುದಕ್ಕಿಂತ ಪರಿವರ್ತಿಸುವುದೇ ಮರ್ಯಾದೆ: ಬರೆದವರು ೫೬೦೦೦೧ ಎನ್ನಲಿ, ಡೇಟಾಬೇಸಿನಲ್ಲಿ 560001 ಎಂದಿರಲಿ. ಟೆಸ್ಟ್ ಕೂಡ ಹಾಗೆಯೇ ಬರೆಯಿರಿ.

ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿಟ್ಟ ವಿಳಾಸವನ್ನು ನಕಲು ಮಾಡಿ ಅಂಟಿಸುವವರು ಇನ್ನೂ ಇದ್ದಾರೆ. ಯುನಿಕೋಡ್ ಅಲ್ಲದ ಆ ಪಠ್ಯ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಬಂದಿಳಿಯುತ್ತದೆ. ಕನಿಷ್ಠ ಒಂದು ಎಚ್ಚರಿಕೆಯನ್ನಾದರೂ ತೋರಿಸುವ ಫಾರ್ಮ್ ಬರೆದು, ಅಂಥ ಒಂದು ಸಾಲನ್ನು ಪಟ್ಟಿಗೆ ಸೇರಿಸಿಡಿ.

ರಾತ್ರಿ ಎರಡು ಗಂಟೆಯ ಆರ್ಡರ್

ಹಣದ ಲೆಕ್ಕಕ್ಕೆ ಫ್ಲೋಟ್ ಬೇಡ, ಡೆಸಿಮಲ್ ಬಳಸಿ ಎಂಬ ಮಾತು ಎಲ್ಲೆಡೆ ಸಿಗುತ್ತದೆ, ಹೆಚ್ಚು ಹೇಳುವುದಿಲ್ಲ. ಸಮಯದ ಬಗ್ಗೆ ಮಾತ್ರ ಹೇಳಬೇಕು. ಜಾಂಗೊ ಸಮಯವನ್ನು ಯುಟಿಸಿಯಲ್ಲಿ ಇಟ್ಟುಕೊಳ್ಳುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. 2026ರ ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆಗೆ ಒಬ್ಬರು ಪುಸ್ತಕ ಕೊಂಡರೆ ಯುಟಿಸಿಯಲ್ಲಿ ಆಗಿನ್ನೂ ಮಾರ್ಚ್ 31ರ ರಾತ್ರಿ 8.30. ‘ಈಗಿನ ಸಮಯ’ದಿಂದ ನೇರವಾಗಿ ದಿನಾಂಕ ತೆಗೆದು ರಸೀದಿ ಬರೆದರೆ ಆ ಮಾರಾಟ ಹಿಂದಿನ ಹಣಕಾಸು ವರ್ಷಕ್ಕೆ ಹೋಗಿ ಕೂರುತ್ತದೆ. ಜಾಂಗೊದ ‘ಲೋಕಲ್‌ಡೇಟ್’ ಬಳಸಿದರೆ, ಸೆಟ್ಟಿಂಗ್ಸ್‌ನಲ್ಲಿ ಕೋಲ್ಕತ್ತಾ ಟೈಮ್‌ಜೋನ್ ಇದ್ದರೆ, ಸರಿಹೋಗುತ್ತದೆ.

ಇದನ್ನು ಪರೀಕ್ಷಿಸಲು ಏಪ್ರಿಲ್ ಒಂದರವರೆಗೆ ಕಾಯಬೇಕಿಲ್ಲ. ‘ಫ್ರೀಜ್‌ಗನ್’ ಎಂಬ ಪೈಥಾನ್ ಲೈಬ್ರರಿ ಟೆಸ್ಟ್‌ನ ಮಟ್ಟಿಗೆ ಗಡಿಯಾರವನ್ನು ನೀವು ಹೇಳಿದ ಕ್ಷಣದಲ್ಲಿ ನಿಲ್ಲಿಸುತ್ತದೆ. ದಿನಾಂಕ ಬಳಸುವ ಯಾವುದೇ ಕೋಡಿಗೆ ಬೆಳಗಿನ ಜಾವದ ಒಂದು ಟೆಸ್ಟ್ ಇರಲಿ. ಮಧ್ಯರಾತ್ರಿಯಿಂದ 5.30ರವರೆಗೆ ಪ್ರತಿದಿನವೂ ಇದೇ ತಪ್ಪಿಗೆ ಜಾಗವಿದೆ, ಹಗಲು ಕೂತು ಕೋಡ್ ಬರೆಯುವ ನಮಗೆ ಕಾಣುವುದಿಲ್ಲ ಅಷ್ಟೆ.

ಒಟಿಪಿ ಮತ್ತು ಪಾವತಿಯ ವಿಷಯದಲ್ಲಿ ಹೊರಗಿನ ಸೇವೆಯನ್ನು ನಿಜವಾಗಿ ಮುಟ್ಟಬೇಡಿ. ಜಾಂಗೊ ಟೆಸ್ಟ್ ಸಮಯದಲ್ಲಿ ಇಮೇಲನ್ನು ಹೊರಗೆ ಕಳಿಸದೆ ಮೆಮೊರಿಯ ಒಂದು ಪಟ್ಟಿಯಲ್ಲಿ ಇಡುತ್ತದೆ. ಎಸ್‌ಎಂಎಸ್‌ಗೂ ಅಂಥದ್ದೇ ಒಂದು ನಕಲಿ ಕಳಿಸುವವನನ್ನು ನೀವೇ ಹತ್ತು ಸಾಲಿನಲ್ಲಿ ಬರೆದುಕೊಳ್ಳಬಹುದು. ಪಾವತಿಗೆ ರೇಜರ್‌ಪೇಯಂಥ ಸಂಸ್ಥೆಗಳು ಹಣ ಚಲಿಸದ ಟೆಸ್ಟ್ ಮೋಡ್ ಮತ್ತು ಅದಕ್ಕೇ ಬೇರೆ ಕೀಗಳನ್ನು ಕೊಡುತ್ತವೆ. ಹಣ ಕಟ್ಟಿದ್ದು ಯಶಸ್ವಿಯಾದಾಗ ಏನಾಗುತ್ತದೆ ಎಂಬುದಕ್ಕಿಂತ, ಹಣ ಕಡಿತವಾಗಿ ಬ್ರೌಸರ್ ಮುಚ್ಚಿಹೋದಾಗ ಆರ್ಡರಿನ ಸ್ಥಿತಿ ಏನಿರಬೇಕು ಎಂಬ ಟೆಸ್ಟ್‌ಗೆ ಬೆಲೆ ಹೆಚ್ಚು. ಬರೆಯಲು ಕೂತಾಗ ಎಷ್ಟೋ ಸಲ ಅದಕ್ಕೆ ಉತ್ತರವನ್ನೇ ಯಾರೂ ಯೋಚಿಸಿರುವುದಿಲ್ಲ.

ಬ್ರೌಸರ್ ತೆರೆಯುವ ಹೊತ್ತು

ಇಷ್ಟಾದ ಮೇಲೆ ಬ್ರೌಸರ್. ಈ ಕೆಲಸಕ್ಕೆ ದಾರಿ ತೋರಿದ್ದು 2004ರಲ್ಲಿ ಶುರುವಾದ ಸೆಲೆನಿಯಂ. ಇಂದಿಗೂ ಬಹಳ ಕಡೆ ಅದೇ ಇದೆ. 2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪ್ಲೇರೈಟ್ ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ಒಂದೇ ಕೋಡಿನಿಂದ ನಡೆಸುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಪ್ಲೇರೈಟ್. ಕಾರಣ ಒಂದೇ, ಅದಕ್ಕೆ ಕಾಯುವುದು ಗೊತ್ತು. ಗುಂಡಿ ಪರದೆಯ ಮೇಲೆ ಬಂದು, ಅಲುಗಾಟ ನಿಂತು, ಒತ್ತುವ ಹಾಗಾಗುವವರೆಗೆ ತಾನೇ ಕಾದು ಆಮೇಲೆ ಒತ್ತುತ್ತದೆ. ಅದರ ‘ಎಕ್ಸ್‌ಪೆಕ್ಟ್’ ಕೂಡ ತಕ್ಷಣ ತೀರ್ಪು ಕೊಡದೆ, ಬೇರೆ ಹೇಳದಿದ್ದರೆ ಐದು ಸೆಕೆಂಡ್‌ವರೆಗೆ ಮತ್ತೆಮತ್ತೆ ನೋಡುತ್ತದೆ.

‘ಪೈಟೆಸ್ಟ್-ಪ್ಲೇರೈಟ್’ ಹಾಕಿಕೊಂಡು, ‘ಪ್ಲೇರೈಟ್ ಇನ್‌ಸ್ಟಾಲ್’ ಕೊಟ್ಟರೆ ಬ್ರೌಸರ್‌ಗಳು ಇಳಿಯುತ್ತವೆ. ಟೆಸ್ಟ್ ಫಂಕ್ಷನ್ನಿಗೆ ‘ಪೇಜ್’ ಮತ್ತು ‘ಲೈವ್ ಸರ್ವರ್’ ಎಂಬ ಎರಡು ಫಿಕ್ಸ್‌ಚರ್ ಕೇಳಿದರೆ ಹೊಚ್ಚಹೊಸ ಬ್ರೌಸರ್ ಕಿಟಕಿಯೂ, ಅದು ಹೋಗಿ ತಲುಪಲು ಓಡುತ್ತಿರುವ ಜಾಲತಾಣವೂ ಸಿಗುತ್ತವೆ. ಜಾಂಗೊ ಜೊತೆ ಮೊದಲ ಸಲ ಓಡಿಸಿದಾಗ ‘ಸಿಂಕ್ರೊನಸ್ ಓನ್ಲಿ ಆಪರೇಶನ್’ ಎಂಬ ದೋಷ ಬಂದರೆ ಗಾಬರಿ ಬೇಡ. ಪ್ಲೇರೈಟ್ ಒಳಗೊಳಗೇ ಅಸಿಂಕ್ ಲೂಪ್ ಓಡಿಸುವುದನ್ನು ಕಂಡು ಜಾಂಗೊ ಡೇಟಾಬೇಸಿನ ಬಾಗಿಲು ಹಾಕುತ್ತದೆ. ‘ಜಾಂಗೊ ಅಲೋ ಅಸಿಂಕ್ ಅನ್‌ಸೇಫ್’ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್ ಅನ್ನು ಟೆಸ್ಟ್‌ಗಳಿಗೆ ಮಾತ್ರ ‘ಟ್ರೂ’ ಮಾಡಿ.

ಗುಂಡಿಯನ್ನು ಹುಡುಕುವುದು ಹೇಗೆ? ಸಿಎಸ್‌ಎಸ್ ಕ್ಲಾಸ್ ಹಿಡಿದು ಹೋಗಬೇಡಿ, ವಿನ್ಯಾಸ ಬದಲಾದ ದಿನ ಎಲ್ಲ ಟೆಸ್ಟ್‌ಗಳೂ ಮಗುಚುತ್ತವೆ. ಗ್ರಾಹಕರು ಹುಡುಕುವ ಹಾಗೇ ಹುಡುಕಿ: ‘ಗೆಟ್ ಬೈ ಲೇಬಲ್’ ಕೊಟ್ಟು ‘ಹೆಸರು’, ‘ಗೆಟ್ ಬೈ ರೋಲ್’ ಕೊಟ್ಟು ‘ಬುಟ್ಟಿಗೆ ಸೇರಿಸಿ’ ಎಂಬ ಬಟನ್. ಲೇಬಲ್ ಸರಿಯಾಗಿ ಕಟ್ಟದ ಜಾಗದಲ್ಲಿ ಈ ಟೆಸ್ಟ್ ಸೋಲುತ್ತದೆ, ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರೂ ಅದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಒಂದು ಎಚ್ಚರ: ಈ ಹುಡುಕಾಟ ಪೂರ್ತಿ ಹೆಸರನ್ನಷ್ಟೇ ಅಲ್ಲ, ತುಣುಕನ್ನೂ ಒಪ್ಪುತ್ತದೆ. ‘ಬುಟ್ಟಿ’ ಎಂದಷ್ಟೇ ಕೇಳಿದರೆ ‘ಬುಟ್ಟಿ’, ‘ಬುಟ್ಟಿಗೆ ಸೇರಿಸಿ’ ಎರಡೂ ಸಿಕ್ಕಿ, ಯಾವುದನ್ನು ಒತ್ತಲಿ ಎಂದು ಪ್ಲೇರೈಟ್ ಜಗಳ ತೆಗೆಯುತ್ತದೆ. ವಿಭಕ್ತಿ ಪ್ರತ್ಯಯ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಇದು ಆಗಾಗ ಆಗುತ್ತದೆ. ‘ಎಕ್ಸ್ಯಾಕ್ಟ್’ ಎಂಬ ಆಯ್ಕೆ ಹಾಕಿಬಿಡಿ.

ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗುವ ಟೆಸ್ಟ್‌ಗೆ ಮದ್ದೆಂದು ಜನ ಮೂರು ಸೆಕೆಂಡಿನ ‘ಸ್ಲೀಪ್’ ಹಾಕುತ್ತಾರೆ, ಅದೂ ಸಾಲದಾದಾಗ ಮೂರು ಸಲ ಮತ್ತೆ ಓಡಿಸುವ ರಿಟ್ರೈ ಹಾಕುತ್ತಾರೆ. ಎರಡೂ ರೋಗವನ್ನು ಮುಚ್ಚುತ್ತವೆ. ಟ್ರೇಸ್ ಉಳಿಸುವ ಆಯ್ಕೆಯೊಂದಿಗೆ ಓಡಿಸಿದರೆ ಸೋತ ಟೆಸ್ಟ್‌ನ ಪ್ರತಿ ಹೆಜ್ಜೆಯಲ್ಲೂ ಪುಟ ಹೇಗಿತ್ತು, ಯಾವ ನೆಟ್‌ವರ್ಕ್ ಕರೆ ಬಾಕಿಯಿತ್ತು ಎಂದು ಹಿಂದೆ ಮುಂದೆ ಸರಿಸಿ ನೋಡಬಹುದು. ಅರ್ಧ ಗಂಟೆ ಅದಕ್ಕೆ ಕೊಡಿ. ಬಹಳ ಸಲ ಅಲ್ಲಿ ಸಿಗುವುದು ಟೆಸ್ಟ್‌ನ ದೋಷವಲ್ಲ, ನಿಧಾನ ನೆಟ್‌ವರ್ಕಿನಲ್ಲಿರುವ ಗ್ರಾಹಕರಿಗೂ ಆಗುತ್ತಿರುವ ತೊಂದರೆ.

ಟೆಸ್ಟ್‌ಗಳು ನಿಮ್ಮ ಲ್ಯಾಪ್‌ಟಾಪಿನಲ್ಲಷ್ಟೇ ಓಡಿದರೆ ಸಾಲದು, ಕೋಡ್ ಕಳಿಸಿದಾಗಲೆಲ್ಲ ಗಿಟ್‌ಹಬ್ ಆ್ಯಕ್ಷನ್ಸ್ ಅಥವಾ ಅಂಥ ಕಡೆ ತಾವಾಗಿ ಓಡಬೇಕು. ಅಲ್ಲಿ ಸಿಗುವುದು ಬೋಳು ಲಿನಕ್ಸ್ ಯಂತ್ರ, ಕನ್ನಡದ ಫಾಂಟ್ ಇರುವುದೆಂದು ನಂಬುವ ಹಾಗಿಲ್ಲ. ಪಠ್ಯವನ್ನು ಹೋಲಿಸುವ ಟೆಸ್ಟ್‌ಗಳು ಆಗಲೂ ಪಾಸಾಗುತ್ತವೆ, ಏಕೆಂದರೆ ಅಕ್ಷರಗಳು ಪುಟದೊಳಗೆ ಸರಿಯಾಗಿಯೇ ಇವೆ. ಸ್ಕ್ರೀನ್‌ಶಾಟ್ ತೆರೆದು ನೋಡಿದರೆ ಮಾತ್ರ ಸಾಲುಸಾಲು ಖಾಲಿ ಚೌಕಗಳು. ಡೆಬಿಯನ್, ಉಬುಂಟುಗಳಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪ್ಯಾಕೇಜ್ ಹಾಕಿಸಿದರೆ ಗುಬ್ಬಿ, ನವಿಲು ಫಾಂಟ್‌ಗಳು ಬರುತ್ತವೆ. ಪಿಡಿಎಫ್ ರಸೀದಿ ತಯಾರಿಸುವ ಸರ್ವರ್‌ನಲ್ಲೂ ಫಾಂಟ್ ಇದೆಯೇ ಎಂದು ಅದೇ ಸಂದರ್ಭದಲ್ಲಿ ನೋಡಿಬಿಡಿ.

ಕೊನೆಗೂ ಪ್ಲೇರೈಟ್ ಮಾಡಲಾಗದ ಒಂದು ಕೆಲಸ ಉಳಿಯುತ್ತದೆ. ಅದರ ‘ಫಿಲ್’ ಇಡೀ ಪದವನ್ನು ಒಂದೇ ಏಟಿಗೆ ಪೆಟ್ಟಿಗೆಗೆ ಸುರಿಯುತ್ತದೆ. ಫೋನಿನ ಕನ್ನಡ ಕೀಲಿಮಣೆ ಹಾಗಲ್ಲ. ಅಕ್ಷರ ರೂಪುಗೊಳ್ಳುತ್ತಿರುವಾಗ ಅರ್ಧಂಬರ್ಧ ರೂಪಗಳನ್ನು ಕಳಿಸುತ್ತಾ, ಸಲಹೆಯ ಪದವನ್ನು ಒತ್ತಿದಾಗ ಹಳೆಯದನ್ನು ಅಳಿಸಿ ಹೊಸದನ್ನು ಇಡುತ್ತದೆ. ಟೈಪಿಸುತ್ತಿದ್ದಂತೆ ಪುಸ್ತಕಗಳ ಪಟ್ಟಿ ತೋರಿಸುವ ಹುಡುಕುಪೆಟ್ಟಿಗೆ ಇಲ್ಲಿ ಎಡವುವುದುಂಟು, ಕೀ ಒತ್ತಿದ ಸದ್ದನ್ನಷ್ಟೇ ಆಲಿಸುವ ಕೋಡ್ ಇದ್ದರಂತೂ ಖಂಡಿತ. ಹೊಸ ಆವೃತ್ತಿ ಹೊರಬಿಡುವ ಮುನ್ನ ಒಂದು ಸಾಧಾರಣ ಆ್ಯಂಡ್ರಾಯ್ಡ್ ಫೋನಿನಲ್ಲಿ ಹುಡುಕುಪೆಟ್ಟಿಗೆ ಮತ್ತು ವಿಳಾಸದ ಫಾರ್ಮನ್ನು ಕೈಯಾರೆ ತುಂಬಿ ನೋಡಿ, ಒಮ್ಮೆ ಕೀಲಿಮಣೆಯಿಂದ, ಒಮ್ಮೆ ಧ್ವನಿಯಿಂದ. ಅಲ್ಲಿ ಏನಾದರೂ ಸಿಕ್ಕರೆ ಸರಿಪಡಿಸುವ ಮೊದಲು ಆ ಪದವನ್ನು ಹೆಸರುಗಳ ಪಟ್ಟಿಗೆ ಸೇರಿಸಿ, ಟೆಸ್ಟ್ ಕೆಂಪಾಗುವುದನ್ನು ಕಂಡು, ಆಮೇಲೆ ಕೋಡ್ ತೆರೆಯಿರಿ.